ಕೂತವರ ಕಣ್ಣೆತ್ತರಕ್ಕೆ

ಹಳಿಯಾಳದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದು ಫೋಟೋ ಫ್ರೇಮಿನ ಅಂಗಡಿ. ಹೆಸರು ಅಡಿವೆಯ್ಯ. ದೇವರು, ಸತ್ತವರು, ಸೀನರಿ, ಕನ್ನಡಿ, ಇಷ್ಟು ಬಿಟ್ಟರೆ ಬೇರೆ ಮಾಲು ನನ್ನಲ್ಲಿಲ್ಲ. ಫ್ರೇಮು ಕಟ್ಟಿದ ಮೇಲೆ ಮನೆಗೆ ಹೋಗಿ ಮೊಳೆ ಹೊಡೆದು ತೂಗುಹಾಕಿ ಬರುವವನೂ ನಾನೇ. ಹೀಗಾಗಿ ಯಾರ ಮನೆಯ ಗೋಡೆಯ ಮೇಲೆ ಯಾರಿದ್ದಾರೆ, ಯಾರು ಯಾವಾಗ ಕೆಳಗಿಳಿದರು ಎಂಬುದೆಲ್ಲ ನನಗೆ ಗೊತ್ತು. ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಊರ ಉಸಾಬರಿ ನನಗ್ಯಾಕೆ.

ಈ ಕಸುಬಿನಲ್ಲಿ ನಮ್ಮಪ್ಪ ಹಾಕಿಕೊಟ್ಟ ಕಟ್ಟಳೆಗಳಿವೆ. ಫೋಟೋ ಬಾಗಿಲ ಪಟ್ಟಿಗಿಂತ ಮೇಲಿರಬೇಕು, ಸ್ವಲ್ಪ ಮುಂದಕ್ಕೆ ಬಾಗಿ ಮನೆಯವರನ್ನು ನೋಡುತ್ತಿರಬೇಕು. ಸತ್ತವರದಾದರೆ ಫ್ರೇಮಿನ ಮೇಲಂಚಿಗೆ ಮಾಲೆ ಸಿಗಿಸಲು ಎರಡು ಸಣ್ಣ ಮೊಳೆ ಇರಬೇಕು. ಎಲ್ಲಕ್ಕಿಂತ ದೊಡ್ಡದು, ಸತ್ತವರನ್ನೂ ಇದ್ದವರನ್ನೂ ಒಂದೇ ಫ್ರೇಮಿನಲ್ಲಿ ಕೂಡಿಸಬಾರದು. ಕೂಡಿಸಿದರೆ ಸತ್ತವರು ಇದ್ದವರನ್ನು ಎಳೆದುಕೊಳ್ಳುತ್ತಾರೆ. ಮದುವೆಯ ಗುಂಪಿನ ಫೋಟೋದಲ್ಲಿ ನಾಲ್ಕು ದಿನದ ನಂತರ ಒಬ್ಬರು ತೀರಿಕೊಂಡರೆ ಅದು ಬೇರೆ ಮಾತು, ಅದು ದೇವರ ಲೆಕ್ಕ. ಬೇಕಂತಲೇ ಕತ್ತರಿಸಿ ಅಂಟಿಸುವುದು ನಮ್ಮ ಲೆಕ್ಕಕ್ಕೆ ಬರುತ್ತದೆ. ನಾನು ಆ ಲೆಕ್ಕಕ್ಕೆ ಎಂದೂ ಕೈ ಹಾಕಿರಲಿಲ್ಲ, ಲಚ್ಚಪ್ಪ ಬಂದು ನನ್ನ ಬೆಂಚಿನ ಮೇಲೆ ಕೂರುವವರೆಗೆ.

ಲಚ್ಚಪ್ಪ ಗೌಳಿಗರವನು. ಮುಂಡಗೋಡದ ಕಡೆಯ ಗೌಳಿವಾಡದಲ್ಲಿ ಎಮ್ಮೆ ಕಟ್ಟಿಕೊಂಡು ಬಾಳಿದವನು. ಅವನ ಹೆಂಡತಿ ಭೀಮಿಬಾಯಿ ಮುಂಡಗೋಡ ಸಂತೆಯಲ್ಲಿ ಮೊಸರು ಮಾರುತ್ತಿದ್ದಳು. ಒಬ್ಬನೇ ಮಗ ವಿಠ್ಠಲ ಓದಿ, ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆದ. ಮೊಸರಿನ ದುಡ್ಡಿನಲ್ಲಿ ಭೀಮಿಬಾಯಿ ಹಳಿಯಾಳದಲ್ಲಿ, ದಾಂಡೇಲಿ ರಸ್ತೆಯ ಮೇಲೆ ಒಂದು ಸೈಟು ಹಿಡಿದಿಟ್ಟಿದ್ದಳು. ಅಲ್ಲಿ ವಿಠ್ಠಲ ಮನೆ ಕಟ್ಟಿಸಿದ. ಸ್ಲ್ಯಾಬು ಬೀಳುವ ಮೊದಲೇ ಭೀಮಿಬಾಯಿ ತೀರಿಕೊಂಡಳು. ಇದು ೨೦೦೧ರ ಮಾತು.

ಅವಳದೊಂದು ಫೋಟೋ ಕಟ್ಟಿಕೊಡಲು ವಿಠ್ಠಲ ನನ್ನಲ್ಲಿಗೆ ಬಂದ. ಅವಳೊಬ್ಬಳದೇ ಫೋಟೋ ಯಾರ ಹತ್ತಿರವೂ ಇರಲಿಲ್ಲ. ವಿಠ್ಠಲನ ಮದುವೆಯ ಆಲ್ಬಮಿನ ಒಂದು ಗುಂಪಿನ ಫೋಟೋದಲ್ಲಿ ಇದ್ದಳು. ಬಿಸಿಲಿಗೆ ಒಂದು ಕಣ್ಣು ಸಣ್ಣ ಮಾಡಿಕೊಂಡು, ಫೋಟೋ ತೆಗೆಯುವವನಿಗೆ ಏನೋ ಬೈಯುವಂತೆ ನಿಂತಿದ್ದಳು. ಅದನ್ನು ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಕಳಿಸಿ, ಅವಳಷ್ಟನ್ನೇ ದೊಡ್ಡದು ಮಾಡಿಸಿ ತರಿಸಿದೆ. ಎಡ ಅಂಚಿನಲ್ಲಿ ಪಕ್ಕದಲ್ಲಿ ನಿಂತವರ ಮುಂಗೈಯ ಹಸಿರು ಬಳೆ ಒಂದು ಪಟ್ಟಿಯಷ್ಟು ಉಳಿದುಕೊಂಡಿತ್ತು. ನಾನು ಬಿಳಿ ರಟ್ಟಿನ ಅಂಚು ಹೊಂದಿಸಿ ಅದನ್ನು ಮುಚ್ಚಿದೆ. ಅಷ್ಟೆಲ್ಲ ಯಾರು ನೋಡುತ್ತಾರೆ.

ಮನೆ ತಯಾರಾದಾಗ ತೂಗುಹಾಕಲು ಹೋದೆ. ಜೊತೆಗೆ ನಾಲ್ಕು ಸೀನರಿಗಳನ್ನೂ ಹೊತ್ತೊಯ್ದಿದ್ದೆ. ಓಡುವ ಏಳು ಕುದುರೆ, ಮಂಜಿನ ಗುಡ್ಡ, ನದಿಯಲ್ಲಿ ಜೋಡಿ ಹಂಸ, ಇನ್ನೊಂದು ಗುಲಾಬಿ ತೋಟ. ಹೊಸ ಮನೆಯೆಂದರೆ ನಾಲ್ಕು ಗೋಡೆಗಾದರೂ ಗಿರಾಕಿ ಎಂದು ನನ್ನ ಎಣಿಕೆ. ಆದರೆ ಪಡಸಾಲೆಯಲ್ಲಿ ಅನಿಲ ಎಂಬ ಹುಬ್ಬಳ್ಳಿಯ ಹುಡುಗ ನಿಂತಿದ್ದ. ಇಂಟೀರಿಯರ್ ಮಾಡುವವನಂತೆ. ವಿಠ್ಠಲನ ಗೆಳೆಯ. ಕೈಯಲ್ಲಿ ಟೇಪು, ಕಿವಿಯಲ್ಲಿ ಪೆನ್ಸಿಲು. ನಾಲ್ಕೂ ಸೀನರಿಗಳನ್ನು ನೋಡಿ, ಒಳ್ಳೆಯ ಮಾತಿನಲ್ಲೇ ಬೇಡ ಎಂದ.

"ಅಯ್ಯಾರ, ಈ ಪಡಸಾಲಿಗೆ ಒಂದ ಚಿತ್ರ ಸಾಕ್ರಿ," ಎಂದ. "ಉಳಿದ ಗೋಡಿ ಖಾಲಿ ಇರ್ಲಿ. ಅವೂ ಉಸರ ಆಡಬೇಕು."

"ಗೋಡಿ ಉಸರ ಆಡೂದು ನಾ ಇನ್ನೂ ನೋಡಿಲ್ಲಪಾ," ಎಂದೆ.

ಅವನು ನಕ್ಕು, ಲಚ್ಚಪ್ಪ ಕೂತಿದ್ದ ಕುರ್ಚಿಯ ಎದುರಿನ ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಮಾಡಿದ. ನನ್ನ ಎದೆಗಿಂತ ಕೆಳಗೆ. ಅಲ್ಲಿ ಮೊಳೆ ಹೊಡೆಯಬೇಕಂತೆ. ನಾನು ಕೈಯಲ್ಲಿ ಸುತ್ತಿಗೆ ಹಿಡಿದು ಅವನ ಮುಖ ನೋಡಿದೆ.

"ಇಷ್ಟ ಕೆಳಗ ಯಾರ ಹಚ್ಚತಾರ? ಕುರಿಮರಿ ನೋಡಬೇಕೇನು?"

"ಪಡಸಾಲ್ಯಾಗ ಯಾರ ನಿಂತ ಇರತಾರ್ರೀ? ಎಲ್ಲಾರೂ ಕೂತಿರತಾರ. ಚಿತ್ರ ಕೂತವರ ಕಣ್ಣಿಗೆ ಸರಿ ಇರಬೇಕು. ಮ್ಯಾಲ ಹಚ್ಚಿದ್ದನ್ನ ಒಮ್ಮಿ ನೋಡತಾರ, ಆಮ್ಯಾಲ ಮರೀತಾರ."

ಮೊಳೆ ಹೊಡೆದೆ. ಅಲ್ಲಿ ಯಾವ ಚಿತ್ರ ಎಂದು ಕೇಳಿದರೆ, ಇನ್ನೂ ಗೊತ್ತಿಲ್ಲ, ಮನೆಯವರಿಗೆ ಮನಸ್ಸಿಗೆ ಬಂದದ್ದು ಸಿಗುವವರೆಗೆ ಮೊಳೆ ಹಾಗೇ ಇರಲಿ ಎಂದ. ಚಿತ್ರವಿಲ್ಲದೆ ಮೊಳೆ ಹೊಡೆಸಿಕೊಂಡ ಮನೆ ನನ್ನ ಸರ್ವೀಸಿನಲ್ಲಿ ಅದೊಂದೇ.

ಭೀಮಿಬಾಯಿಯ ಫೋಟೋ ಎತ್ತಿಕೊಂಡು ಅದನ್ನಾದರೂ ಪಡಸಾಲೆಯಲ್ಲಿ ಮೇಲೆ ಹಾಕುವ ಎಂದು ಸ್ಟೂಲು ಏರಿದೆ. ಒಳಗಿನಿಂದ ವಿಠ್ಠಲನ ಹೆಂಡತಿ ಮಾಲಾ ಬಂದಳು. ಆರು ತಿಂಗಳ ಬಸುರಿ.

"ಅದು ಪಡಸಾಲ್ಯಾಗ ಬ್ಯಾಡ್ರಿ ಅಯ್ಯಾರ. ಮಾಲಿ ಹಾಕಿದ ಫೋಟೋ ಇಲ್ಲೆ ಬ್ಯಾಡ. ಪ್ಯಾಸೇಜಿನಾಗ ಹಚ್ರಿ."

ಪ್ಯಾಸೇಜೆಂದರೆ ಪಡಸಾಲೆಯಿಂದ ಬಚ್ಚಲಿಗೆ ಹೋಗುವ ಇಕ್ಕಟ್ಟು ದಾರಿ. ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಕರೆಂಟಿನ ಮೀಟರೂ ಅಲ್ಲೇ. ನಾನು ವಿಠ್ಠಲನ ಕಡೆ ನೋಡಿದೆ, ಅವನು ಅನಿಲನ ಕಡೆ ನೋಡಿದ, ಅನಿಲ ಟೇಪು ಸುತ್ತುತ್ತ ನಿಂತ. ಬಸುರಿ ಹೆಂಗಸಿನ ಮಾತಿಗೆ ಯಾರು ಎದುರಾಡುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದುಕೊಂಡು, ಭೀಮಿಬಾಯಿಯನ್ನು ಒಯ್ದು ಮೀಟರಿನ ಪಕ್ಕದಲ್ಲಿ ಎತ್ತರಕ್ಕೆ ತೂಗುಹಾಕಿ ಬಂದೆ. ಸೈಟು ಅವಳದು, ಜಾಗ ಬಚ್ಚಲ ದಾರಿ. ಸಿಟ್ಟು ಬಂತು. ಆದರೆ ನನಗೇನು, ನಾನು ಗಾಜು ಕೊಯ್ಯುವವ.

ಲಚ್ಚಪ್ಪ ಆ ದಿನ ಎಲ್ಲವನ್ನೂ ಕುರ್ಚಿಯಲ್ಲಿ ಕೂತೇ ನೋಡಿದ್ದ. ಒಂದು ತಿಂಗಳ ಮೇಲೆ ನನ್ನ ಅಂಗಡಿಗೆ ಬಂದ. ಹೆಗಲ ಮೇಲೆ ಹಾಲಿನ ಕಾವಡಿ ಹೊತ್ತು ಹೊತ್ತು ಅವನ ಕತ್ತು ಬಾಗಿ ಗಟ್ಟಿಯಾಗಿತ್ತು. ಎದುರಿಗೆ ನೋಡಬಲ್ಲ, ಮೇಲೆ ನೋಡಲಾರ. ಬೆಂಚಿನ ಮೇಲೆ ಕೂತು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಯ್ಯಾ, ನೀ ಆಕೀನ ಎಲ್ಲೆ ಹಚ್ಚಿ?"

"ನಿನ್ನ ಸೊಸಿ ಹೇಳಿದಲ್ಲೆ ಹಚ್ಚೇನಿ ಕಾಕಾ."

"ನನಗ ಫೋಟೋದ ಕಟ್ಟಿನ ಕೆಳಗಿನ ಅಂಚ ಅಷ್ಟ ಕಾಣತೈತಿ. ಗೋಡಿಗೆ ಬೆನ್ನ ಹಚ್ಚಿ ನಿಂತ ನೋಡಿದೆ. ಆದ್ರೂ ಅಂಚ ಅಷ್ಟ. ಮುಖಾ ಕಾಣೂದಿಲ್ಲ."

"ಕೆಳಗ ಹಚ್ಚಿ ಕೊಡ್ಲೇನು?"

"ಆ ಸಂದ್ಯಾಗ ಕೆಳಗ ಹಚ್ಚಿದ್ರ ಬಂದವರು ಹೋದವರು ತಿಕ್ಕಿಕೊಂಡ ಹೋಗತಾರ. ಬ್ಯಾಡ." ತೊಡೆಯ ಮೇಲಿನ ರುಮಾಲು ಮಡಿಸುತ್ತ ಹೇಳಿದ. "ಪಡಸಾಲ್ಯಾಗ ನನ್ನ ಕುರ್ಚಿ ಎದರಿಗೆ ಒಂದ ಮೊಳಿ ಐತಿ. ನನ್ನ ಕಣ್ಣಿಗೆ ಸರಿ ಐತಿ. ದಿನಾ ನೋಡತೇನಿ. ಬರೇ ಮೊಳಿ."

ಆಗ ಅವನು ತಾನು ಹೆಣೆದು ತಂದ ಉಪಾಯ ಹೇಳಿದ. ಅವನನ್ನೂ ಭೀಮಿಬಾಯಿಯನ್ನೂ ಒಂದೇ ಫೋಟೋದಲ್ಲಿ ಕೂಡಿಸಬೇಕು. ಹುಬ್ಬಳ್ಳಿಯಲ್ಲಿ ಕಂಪ್ಯೂಟರಿನಲ್ಲಿ ಕೂಡಿಸುತ್ತಾರೆ ಎಂದು ಯಾರೋ ಹೇಳಿದ್ದರಂತೆ.

"ಮಾಲಿ ಹಾಕಿದ ಫೋಟೋ ಬ್ಯಾಡ ಅಂದಾಳ ನಮ್ಮ ಸೊಸಿ. ಬರೋಬರಿ ಐತಿ, ನಾ ತಪ್ಪ ಅನ್ನೂದಿಲ್ಲ. ಆದ್ರ ನಾ ಇರೂ ಫೋಟೋಕ್ಕ ಮಾಲಿ ಹೆಂಗ ಹಾಕತಾರ? ನಾ ಇರೂತನಕ ಆಕೀನೂ ಪಡಸಾಲ್ಯಾಗ ಇರತಾಳ."

ನಾನು ಕೊಯ್ಯುತ್ತಿದ್ದ ಗಾಜು ಕೆಳಗಿಟ್ಟೆ. ಅಷ್ಟು ವರ್ಷದ ಕಸುಬಿನಲ್ಲಿ ಇಂಥ ಲೆಕ್ಕ ನನ್ನ ತಲೆಗೇ ಹೊಳೆದಿರಲಿಲ್ಲ. ಆದರೂ ಆಗುವುದಿಲ್ಲ ಎಂದೆ. ನಮ್ಮಪ್ಪನ ಕಟ್ಟಳೆ ಹೇಳಿದೆ.

"ಎಳಕೋತಾಳ ಕಾಕಾ."

"ಎಳಕೊಳ್ಳಲಿ ಬಿಡು. ಬದುಕೆಲ್ಲಾ ಆಕೀನ ನನ್ನ ಎಳಕೊಂಡ ತಿರಗ್ಯಾಳ. ನಾ ಎಲ್ಲೆ ಸ್ವಂತ ಬುದ್ಧೀಲೆ ಹೋಗೇನಿ?"

ನಾನು ಒಪ್ಪಲಿಲ್ಲ. ಮರುದಿನ ಮತ್ತೆ ಬಂದು ಬೆಂಚಿನ ಮೇಲೆ ಕೂತ. ಕೇಳಲಿಲ್ಲ, ಬೇಡಲಿಲ್ಲ, ಸುಮ್ಮನೆ ಕೂತ. ಅದರ ಮರುದಿನವೂ. ಗಿರಾಕಿಗಳು ಬಂದವರು, ಅಜ್ಜನ ಸಾಲ ಎಷ್ಟು ಇಟ್ಟುಕೊಂಡಿರಿ ಅಯ್ಯಾರ ಎಂದು ಕೇಳತೊಡಗಿದರು. ಕಲ್ಲಿಗಾದರೂ ಬೇಸರ ಬರುತ್ತದೆ, ಗೌಳಿಗೆ ಬರುವುದಿಲ್ಲ. ಎಮ್ಮೆ ಕಾಯ್ದವನ ಎದುರು ನಾನು ಎಷ್ಟು ದಿನ ಹಟ ಹಿಡಿಯಲಿ. ಕೊನೆಗೆ ಅವನನ್ನು ಪಕ್ಕದ ಸ್ಟುಡಿಯೋದಲ್ಲಿ ಕೂರಿಸಿ ಫೋಟೋ ತೆಗೆಸಿ, ಪ್ಯಾಸೇಜಿನಿಂದ ಇಳಿಸಿ ತಂದ ಭೀಮಿಬಾಯಿಯ ಫೋಟೋದ ಜೊತೆ ಹುಬ್ಬಳ್ಳಿಗೆ ಕಳಿಸಿದೆ.

ಆ ಕಂಪ್ಯೂಟರಿನವನು ಮಹಾ ಕಲಾವಿದ. ಲಚ್ಚಪ್ಪನಿಗೆ ನೀಲಿ ಕೋಟು, ಟೈ ತೊಡಿಸಿ, ಇಬ್ಬರ ಹಿಂದೆ ತಾಜಮಹಲು ನಿಲ್ಲಿಸಿ ಕಳಿಸಿದ. ಲಚ್ಚಪ್ಪ ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಭೀಮೀ ಪಕ್ಕ ಕುಂತಾಂವ ಯಾಂವ ಇಂವಾ?" ಎಂದ.

ವಾಪಸು ಕಳಿಸಿ, ಕೋಟು ಬಿಚ್ಚಿಸಿ ರುಮಾಲು ಸುತ್ತಿಸಿ ತರಿಸಿದೆ. ಈ ಸಲ ಚೆನ್ನಾಗಿತ್ತು. ಅವಳು ಕಣ್ಣು ಸಣ್ಣ ಮಾಡಿ ನೋಡುತ್ತಿದ್ದಾಳೆ, ಬಲಗಡೆ ಇವನು ಬೈಸಿಕೊಳ್ಳಲು ತಯಾರಾದವನಂತೆ ಕೂತಿದ್ದಾನೆ. ಎಡ ಅಂಚಿನ ಹಸಿರು ಬಳೆಯ ಪಟ್ಟಿ ಮಾತ್ರ ಹಾಗೇ ಬಂದಿತ್ತು, ಮತ್ತೆ ರಟ್ಟು ಹೊಂದಿಸಿ ಮುಚ್ಚಿದೆ. ಫ್ರೇಮು ಕಟ್ಟಿ ಅವನ ಕೈಗೆ ಕೊಟ್ಟಾಗ ಲಚ್ಚಪ್ಪ ಮೇಲಂಚಿನ ಮೇಲೆ ಬೆರಳಾಡಿಸಿ, ನಿಂತುಬಿಟ್ಟ.

"ಇವ ಏನು, ಎರಡ ಮೊಳಿ?"

ರೂಢಿಯ ಕೈ, ಮಾಲೆಯ ಮೊಳೆ ಹೊಡೆದುಬಿಟ್ಟಿತ್ತು.

"ಕೀಳು ಅಯ್ಯಾ. ನಾ ಇನ್ನೂ ಅದೇನಿ."

ಕಿತ್ತೆ. ಸಾಗವಾನಿಯ ಮೇಲೆ ಎರಡು ತೂತು ಉಳಿದವು.

ತೂಗುಹಾಕಲು ಹೋದಾಗ ಮಾಲಾ ಒಬ್ಬಳೇ ಇದ್ದಳು. ಅನಿಲ ಬಿಟ್ಟುಹೋಗಿದ್ದ ಮೊಳೆಗೆ ಫ್ರೇಮು ಸಿಗಿಸಿ ಹಿಂದೆ ಸರಿದೆ. ಅವಳು ಫೋಟೋ ನೋಡಿದಳು, ಮಾವನನ್ನು ನೋಡಿದಳು. ಲಚ್ಚಪ್ಪ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಮಾಲಿ ಇಲ್ಲವ್ವಾ," ಎಂದ. "ನಾ ಅದೇನಲ್ಲ ಅದರಾಗ."

ಮಾಲಾಳಿಗೆ ಎಲ್ಲ ತಿಳಿಯಿತು. ಏನೋ ಹೇಳಲು ಬಾಯಿ ತೆರೆದವಳು, "ಇರ್ಲಿ ಬಿಡ್ರಿ ಮಾವಾರ," ಎಂದು ಒಳಗೆ ಹೋದಳು. ಆಮೇಲೆ ಬಂದು ತನ್ನ ಕುರ್ಚಿಯನ್ನು ಆ ಗೋಡೆಗೆ ಬೆನ್ನಾಗುವಂತೆ ತಿರುಗಿಸಿ ಕೂತು ಅಕ್ಕಿ ಆರಿಸತೊಡಗಿದಳು. ಸತ್ತ ಅತ್ತೆಯ ಮುಖ ನೋಡಲೂ ಆಗದವಳು ಎಂದು ನಾನು ದಾರಿಯುದ್ದಕ್ಕೂ ಬೈದುಕೊಂಡೆ. ಲಚ್ಚಪ್ಪ ಮಾತ್ರ ನಾನು ಹೊರಟದ್ದನ್ನೂ ನೋಡಲಿಲ್ಲ. ಕತ್ತು ಎತ್ತದೆಯೇ ಹೆಂಡತಿಯ ಮುಖ ನೋಡುತ್ತಿದ್ದ. ಆ ಇಂಟೀರಿಯರ್ ಹುಡುಗನ ಎತ್ತರ ಸರಿಯಾಗಿತ್ತು ಎಂದು ಒಪ್ಪಬೇಕಾಯಿತು, ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಭೀಮಿಬಾಯಿ ಅವನನ್ನು ಬೇಗ ಎಳೆದುಕೊಳ್ಳಲಿಲ್ಲ. ಮಾಲಾಳಿಗೆ ಹೆಣ್ಣು ಹುಟ್ಟಿತು, ತುಳಜಾ ಎಂದು ಹೆಸರಿಟ್ಟರು. ಆ ಮಗು ನಡೆಯುವಷ್ಟಾದಾಗ ಒಮ್ಮೆ ಅವರ ಬಚ್ಚಲ ಕನ್ನಡಿ ಬದಲಿಸಲು ಹೋಗಿದ್ದೆ. ಮಾಲಾಳ ಕುರ್ಚಿ ಫೋಟೋದ ಗೋಡೆಯ ಕಡೆ ಮುಖ ಮಾಡಿತ್ತು. ಯಾರು ತಿರುಗಿಸಿದರೋ ಎಂದುಕೊಂಡೆ, ಕೇಳಲಿಲ್ಲ.

೨೦೦೫ರಲ್ಲಿ ಲಚ್ಚಪ್ಪ ತೀರಿಕೊಂಡ, ಕುರ್ಚಿಯಲ್ಲಿ ಕೂತಲ್ಲೇ. ಮಣ್ಣು ಕೊಡಲು ನಾನೂ ಹೋಗಿದ್ದೆ. ವಿಠ್ಠಲ ಅಳಲಿಲ್ಲ. ಬಂದವರಿಗೆ ಚಹಾ ಆಯಿತೋ ಇಲ್ಲವೋ ನೋಡಿಕೊಳ್ಳುತ್ತ ಓಡಾಡಿದ. ತಾಯಿ ಸತ್ತಾಗಲೂ ಹೀಗೇ ಇದ್ದನಂತೆ. ನಾಲ್ಕು ದಿನ ಬಿಟ್ಟು ಆ ಫೋಟೋ ಇಳಿಸಿಕೊಂಡು ನನ್ನ ಅಂಗಡಿಯ ಮುಂದೆ ಬಂದು ನಿಂತ.

"ಅಯ್ಯಾರ, ಮಾಲಿ ಹಾಕೂ ಮೊಳಿ ಹೊಡದ ಕೊಡ್ರಿ. ಅಪ್ಪನ ದಿನದ ಊಟದ ದಿವಸ ಇದನ್ನ ಪ್ಯಾಸೇಜಿಗೆ ಹಚ್ಚೂಣು. ಸಣ್ಣ ಕೆಂಪ ಬಲ್ಬ ನಾನ ಕೂಡಸತೇನಿ."

ಸರಿ ಎಂದೆ. ಈಗ ಇಬ್ಬರೂ ಸತ್ತವರು, ಒಂದೇ ಫ್ರೇಮು, ಮಾಲೆ, ಬಲ್ಬು. ನಮ್ಮಪ್ಪನ ಕಟ್ಟಳೆ ಮತ್ತೆ ನೆಟ್ಟಗಾಯಿತು ಎಂದು ನನಗೆ ಒಳಗೊಳಗೇ ಹಗುರವೆನಿಸಿದ್ದು ಸುಳ್ಳಲ್ಲ. ಹಳೆಯ ತೂತಿಗೇ ಹೊಸ ಮೊಳೆ ಹೊಡೆದು ಇಟ್ಟೆ.

ಮರುದಿನ ಮಾಲಾ ಬಂದಳು. ಸೂತಕದ ಮನೆಯವಳು, ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು, ಸೆರಗಿನಿಂದ ಒಂದು ಫೋಟೋ ತೆಗೆದು ಮೆಟ್ಟಿಲ ಮೇಲಿಟ್ಟಳು. ಮದುವೆಯ ಆಲ್ಬಮಿನ ಅದೇ ಗುಂಪಿನ ಫೋಟೋ. ನಡುವೆ ಭೀಮಿಬಾಯಿ, ಅವಳ ಎಡಕ್ಕೆ ತೋಳಿಗೆ ತೋಳು ತಾಗಿಸಿ ನಿಂತ ಮದುಮಗಳು. ಮುಂಗೈ ತುಂಬ ಹಸಿರು ಬಳೆ.

"ಅಯ್ಯಾರ, ನನ್ನೂ ಆ ಫೋಟೋದಾಗ ಕೂಡಸ್ರಿ."

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕೈ ಅಡ್ಡ ಮಾಡಿದೆ.

"ಹುಚ್ಚಿ ಏನ ತಂಗಿ? ಇಬ್ಬರು ಸತ್ತವರ ನಡುವ ಹೋಗಿ ಕುಂದರತೀ? ನಿನಗ ಸಣ್ಣ ಮಗಳದಾಳ."

"ನಾ ಇದ್ರ ಮಾಲಿ ಹಾಕಾಕ ಬರೂದಿಲ್ಲ. ಮಾವಾರು ಮಾಡಿದ್ದ ಲೆಕ್ಕಾನ ಅದು."

"ನೀನ ಅಲ್ಲೇನು ಆಕೀನ ಪ್ಯಾಸೇಜಿಗೆ ಹಾಕಿಸಿದಾಕಿ?"

ಕೇಳಬಾರದಿತ್ತೇನೋ, ನಾಲ್ಕು ವರ್ಷ ಹಿಡಿದಿಟ್ಟ ಮಾತು ಜಾರಿ ಬಂತು. ಅವಳು ಸಿಟ್ಟಾಗಲಿಲ್ಲ. ಮೆಟ್ಟಿಲ ಮೇಲಿನ ಫೋಟೋವನ್ನೇ ನೋಡುತ್ತ ಹೇಳಿದಳು.

"ಅತ್ತಿ ನನ್ನ ತೊಡಿ ಮ್ಯಾಲ ಜೀವಾ ಬಿಟ್ಟಾಳ್ರಿ. ಇವರು ಡ್ಯೂಟಿಗೆ ಹೋಗಿದ್ರು, ಮಾವಾರು ವಾಡಾದಾಗಿದ್ರು. ನಾ ಒಬ್ಬಾಕಿ. ಕಣ್ಣ ತೆರದ ಹೋದಳು, ನಾನ ಮುಚ್ಚಿದೆ. ಆಮ್ಯಾಲ ಆ ಮಾಲಿ ಹಾಕಿದ ಫೋಟೋ ನೋಡಿದಾಗೊಮ್ಮಿ ನನಗ ಅದ ಕಣ್ಣ ಕಾಣತಿದ್ವು. ಹೊಟ್ಟ್ಯಾಗ ಕೂಸಿತ್ತು. ಅಂಜಿಕಿ ಬರತಿತ್ತು, ಯಾರ ಮುಂದ ಹೇಳಲಿ?"

ನಾನು ಮೆಟ್ಟಿಲ ಮೇಲಿನ ಫೋಟೋ ಎತ್ತಿಕೊಂಡೆ.

"ಮಾವಾರು ಪಕ್ಕ ಬಂದ ಕುಂತ ಮ್ಯಾಲ ಮೊದಮೊದಲ ಬೆನ್ನ ಮಾಡಿ ಕೂಡತಿದ್ದೆ. ಎಷ್ಟ ದಿನ ಬೆನ್ನ ಮಾಡಲಿ? ಕಣ್ಣಿಗೆ ಸರಿ ಅದಾಳ. ಮಾಲಿ ಇಲ್ಲದ ನೋಡಿ ನೋಡಿ, ಆಕಿ ಮತ್ತ ಮೊಸರ ಮಾರೂ ಅತ್ತಿ ಆದಳು. ಸಾಯೂ ಮುಖಾ ಮರತ ಹೋತು. ಈಗ ಮಾಲಿ ಹಾಕಿದ್ರ ನನಗ ಇಬ್ಬರೂ ಒಮ್ಮಿಗೆ ಸಾಯತಾರ್ರಿ."

ಮಾತು ನನ್ನ ಎದೆಗೆ ನಾಟಿತು. ಆದರೂ ಬಾಯಿ ಕಟ್ಟಳೆಯನ್ನೇ ಹೇಳಿತು.

"ಸತ್ತವರ ಜೋಡಿ ಇದ್ದವರನ್ನ ನಾವಾಗಿ ಕೂಡಸಬಾರದು ತಂಗಿ."

"ನೀವು ಕೂಡಸೂದ ಎಲ್ಲೈತ್ರಿ?" ಎಂದಳು. "ನಾ ಮೊದ್ಲಿಂದ ಅಲ್ಲೇ ನಿಂತೇನಿ. ನೀವ ಕತ್ತರಿಸಿ ತಗದ್ರಿ."

ಅವಳು ಹೋದ ಮೇಲೆ ಫ್ರೇಮು ಬಿಚ್ಚಿದೆ. ಬಿಳಿ ರಟ್ಟು ತೆಗೆದರೆ ಎಡ ಅಂಚಿನಲ್ಲಿ ಆ ಬಳೆಗಳು ಹಾಗೇ ಇದ್ದವು, ಬಿಸಿಲು ಕಾಣದೆ ಹೊಸದರಂತೆ ಹಸಿರಾಗಿ. ಈ ಸಲ ಬಸ್ಸಿನವನ ಕೈಗೆ ಕೊಟ್ಟು ಕಳಿಸಲಿಲ್ಲ. ನಾನೇ ಹುಬ್ಬಳ್ಳಿಗೆ ಹೋಗಿ, ಸ್ಟುಡಿಯೋದವನ ಪಕ್ಕದಲ್ಲಿ ಕೂತು, ಒಂದು ಬಳೆಯೂ ಹೋಗದಂತೆ ಸೇರಿಸಿಕೊಂಡು ಬಂದೆ. ಫ್ರೇಮು ಸ್ವಲ್ಪ ಅಗಲವಾಯಿತು. ಮೇಲಿನ ಪಟ್ಟಿ ಹೊಸದು ಹಾಕಿದೆ, ತೂತಿಲ್ಲದ್ದು.

ದಿನದ ಊಟದ ದಿವಸ ಬೆಳಿಗ್ಗೆಯೇ ಹೋಗಿ ಪಡಸಾಲೆಯ ಹಳೆಯ ಮೊಳೆಗೇ ತೂಗುಹಾಕಿದೆ. ಪೂಜೆಗೆ ಲಚ್ಚಪ್ಪನ ಸಣ್ಣದೊಂದು ಫೋಟೋ ಬೇರೆ ಇಟ್ಟಿದ್ದರು, ಆ ಗಡಿಬಿಡಿಯಲ್ಲಿ ವಿಠ್ಠಲ ಗೋಡೆಯ ಕಡೆ ನೋಡಿರಲಿಲ್ಲ. ಪೂಜೆ ಮುಗಿಸಿ, ಊಟಕ್ಕೆ ಮೊದಲು ವಿಠ್ಠಲ ಚೆಂಡು ಹೂವಿನ ಮಾಲೆ ಹಿಡಿದುಕೊಂಡು ಬಂದ. ಪ್ಯಾಸೇಜಿನಲ್ಲಿ ಕೆಂಪು ಬಲ್ಬು ಆಗಲೇ ಉರಿಯುತ್ತಿತ್ತು. ಫ್ರೇಮಿನ ಮೇಲೆ ಕೈಯಾಡಿಸಿ ನನ್ನ ಕಡೆ ತಿರುಗಿದ.

"ಮೊಳಿ ಹೊಡೀರಿ ಅಂದಿದ್ದೆನಲ್ರೀ ಅಯ್ಯಾರ."

ನಾನು ಫೋಟೋದ ಕಡೆ ಕೈ ತೋರಿಸಿದೆ. ಆಗ ಅವನು ಫೋಟೋದೊಳಗೆ ನೋಡಿದ. ಅಪ್ಪ, ಅವ್ವ, ಅವ್ವನ ತೋಳಿಗೆ ಅಂಟಿಕೊಂಡು ಮದುವೆಯ ದಿನದ ಮಾಲಾ. ಅಡುಗೆಮನೆಯ ಬಾಗಿಲಲ್ಲಿ ಮಾಲಾ ಸೌಟು ಹಿಡಿದು ನಿಂತಿದ್ದಳು. ಅವನು ಹೆಂಡತಿಯನ್ನು ನೋಡಿದ, ಕೈಯ ಮಾಲೆಯನ್ನು ನೋಡಿದ. ಜೀವಂತ ಹೆಂಡತಿಯ ಫೋಟೋಕ್ಕೆ ಮಾಲೆ ಹಾಕುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ.

ಬಂದವರೆಲ್ಲ ನೋಡುತ್ತಿದ್ದರು. ಅವನು ಹೊರಗೆ ಹೋಗಿ ಮಾಲೆಯನ್ನು ಹೆಬ್ಬಾಗಿಲಿಗೆ ತೋರಣದಂತೆ ಕಟ್ಟಿದ. ಪ್ಯಾಸೇಜಿನ ಬಲ್ಬು ಆರಿಸಿದ. ಮುಂದೇನು ಮಾಡುವುದೆಂದು ತಿಳಿಯದೆ, ಅಪ್ಪನ ಕುರ್ಚಿಯಲ್ಲಿ ಕೂತ.

ಕೂತವನ ಕಣ್ಣಿಗೆ ಅವ್ವನ ಕಣ್ಣು ಸರಿಯಾಗಿ ಎದುರಾಯಿತು. ಅಲ್ಲಿಯವರೆಗೂ ಅಳದಿದ್ದವನು, ಆಗ ಅತ್ತ.